‘ಹೈ ಸೆಕ್ಯುರಿಟಿ’ ಬೀಗವನ್ನು ಕಡ್ಡಿ ಹಾಕಿ ತೆಗೆಯುವುದು ಎಷ್ಟು ಕಷ್ಟ?

ಪ್ರಶ್ನೆ: ಪೆರ್ಲದ ಹತ್ತಿರ ನಮ್ಮದು ಹಳೆಯ ಹಂಚಿನ ಮನೆ. ಮುಂಬಾಗಿಲು ಹಲಸಿನ ಮರದ ಜೋಡಿ ಬಾಗಿಲು. ಮನೆಗೆ ತಾಗಿ ಅಡಿಕೆ ಇಡುವ ಕೋಣೆಯಿದೆ. ಮಳೆಗಾಲದಲ್ಲಿ ಅಪ್ಪ ಅಮ್ಮ ಎರಡು ಮೂರು ತಿಂಗಳು ನನ್ನ ಜತೆ ಬೆಂಗಳೂರಿನಲ್ಲಿರುತ್ತಾರೆ. ತಂಗಿಯ ಮನೆ ಉಪ್ಪಳದಲ್ಲಿ, ಕಡಲಿಗೆ ಬಹಳ ದೂರವಿಲ್ಲ. ಭಾವ ಗಲ್ಫಿನಲ್ಲಿರುವುದರಿಂದ ಆ ಮನೆಗೂ ಆಗಾಗ ಬೀಗ. ಅಂಗಡಿಯವರು ‘ಕಂಪ್ಯೂಟರ್ ಕೀ’ ಇರುವ ಹೈ ಸೆಕ್ಯುರಿಟಿ ಬೀಗ ತೋರಿಸಿ, ಇದನ್ನು ಯಾರಿಂದಲೂ ತೆಗೆಯಲಾಗದು ಎಂದರು. ಮೊಬೈಲಿನಲ್ಲಿ ನೋಡಿದರೆ ಅಂಥದ್ದನ್ನೇ ಅರ್ಧ ನಿಮಿಷದಲ್ಲಿ ತೆಗೆಯುತ್ತಾರೆ. ಯಾವುದನ್ನು ನಂಬುವುದು? ಎರಡು ಮನೆಗಳಿಗೂ ಏನು ಹಾಕಿಸಬೇಕು? ಅಜ್ಜನ ಕಾಲದ ಒಂದು ದೊಡ್ಡ ಹಿತ್ತಾಳೆ ಬೀಗವಿದೆ, ಅದು ಇನ್ನು ಕೆಲಸಕ್ಕೆ ಬರುತ್ತದೆಯೇ?

ಉತ್ತರ: ಅಂಗಡಿಯವರ ಮಾತು ಪೂರ್ತಿ ನಿಜವಲ್ಲ, ವಿಡಿಯೊ ಪೂರ್ತಿ ಸುಳ್ಳೂ ಅಲ್ಲ. ‘ಹೈ ಸೆಕ್ಯುರಿಟಿ’ ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಲು ಯಾರ ಅಪ್ಪಣೆಯೂ ಬೇಕಿಲ್ಲ. ಹಾಗಾಗಿ ನಿಮಿಷದೊಳಗೆ ತೆರೆಯುವ ಬೀಗಕ್ಕೂ ಅದೇ ಹೆಸರು, ಪಳಗಿದ ಕೈಗೂ ಗಂಟೆಗಟ್ಟಲೆ ಬಗ್ಗದ ಬೀಗಕ್ಕೂ ಅದೇ ಹೆಸರು. ಕೀಯ ಮೇಲೆ ಗುಳಿಗಳಿರುವುದು, ನಮ್ಮಲ್ಲಿ ‘ಕಂಪ್ಯೂಟರ್ ಕೀ’ ಎನ್ನುವುದು, ಯಾವುದಕ್ಕೂ ಪುರಾವೆಯಲ್ಲ. ಅಗ್ಗದ ಗುಳಿ ಕೀ ಬೀಗದ ಒಳಗಿರುವುದು ಹೆಚ್ಚಾಗಿ ಮಾಮೂಲಿ ಪಿನ್ನು ಸ್ಪ್ರಿಂಗುಗಳೇ. ಕೀಯ ಅಂಚನ್ನು ತಾಗುವ ಬದಲು ಅವು ಅದರ ಚಪ್ಪಟೆ ಮುಖವನ್ನು ತಾಗುತ್ತವೆ, ಅಷ್ಟೇ ವ್ಯತ್ಯಾಸ.

ಕಷ್ಟ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಮೊದಲು ಸುಲಭ ಎಲ್ಲಿಂದ ಬರುತ್ತದೆ ಎಂದು ನೋಡಬೇಕು. ಇಂದಿನ ಬಹುಪಾಲು ಬಾಗಿಲ ಬೀಗಗಳದ್ದು ಅಮೆರಿಕದ ಲೈನಸ್ ಯೇಲ್ ಜೂನಿಯರ್ 1860ರ ದಶಕದಲ್ಲಿ ಈಗಿನ ರೂಪಕ್ಕೆ ತಂದ ವಿನ್ಯಾಸ. ಕೀ ಹೋಗುವ ಉರುಳೆಗೆ ಪ್ಲಗ್ ಎನ್ನುತ್ತಾರೆ. ಪ್ಲಗ್ಗಿನಲ್ಲೂ ಅದರ ಹೊರಗಿನ ಕವಚದಲ್ಲೂ ಒಂದರ ಮೇಲೊಂದು ಬರುವಂತೆ ಐದಾರು ತೂತುಗಳು. ಒಂದೊಂದು ತೂತಿನಲ್ಲೂ ಕೆಳಗೊಂದು ಪಿನ್ನು, ಮೇಲೊಂದು ಪಿನ್ನು, ಅದರ ತಲೆಯ ಮೇಲೆ ಸ್ಪ್ರಿಂಗು. ಸರಿಯಾದ ಕೀ ಒಳಗೆ ಹೋದರೆ ಎರಡು ಪಿನ್ನುಗಳು ಕೂಡುವ ಜಾಗ ಎಲ್ಲ ತೂತುಗಳಲ್ಲೂ ಪ್ಲಗ್ಗಿನ ಅಂಚಿಗೆ ಸಮವಾಗಿ ನಿಲ್ಲುತ್ತದೆ, ಪ್ಲಗ್ ತಿರುಗುತ್ತದೆ. ಒಂದು ಪಿನ್ನು ತುಸು ಮೇಲೆ ಅಥವಾ ಕೆಳಗೆ ಉಳಿದರೂ ತಿರುಗದು.

ಐದು ಪಿನ್ನು, ಒಂದೊಂದಕ್ಕೆ ಆರು ಎತ್ತರ ಎಂದಿಟ್ಟುಕೊಳ್ಳಿ. ಲೆಕ್ಕಕ್ಕೆ 7776 ಬಗೆಯ ಕೀಗಳು. ಜಾಹೀರಾತಿನಲ್ಲಿ ದೊಡ್ಡದಾಗಿ ಬರೆಯುವುದು ಇಂಥ ಸಂಖ್ಯೆಯನ್ನೇ. ಆದರೆ ಕಡ್ಡಿ ಹಾಕುವವನು 7776 ಸಲ ಪ್ರಯತ್ನಿಸುವುದಿಲ್ಲ. ಕಾರ್ಖಾನೆಯಲ್ಲಿ ಕೊರೆದ ತೂತುಗಳು ಎಷ್ಟೇ ಆದರೂ ಕೂದಲೆಳೆಯಷ್ಟು ಆಚೀಚೆ ಇರುತ್ತವೆ. ಪ್ಲಗ್ಗನ್ನು ಒಂದು ಕಡೆಗೆ ಹಗುರವಾಗಿ ತಿರುಚಿ ಹಿಡಿದರೆ ಐದೂ ಪಿನ್ನುಗಳು ಒಟ್ಟಿಗೆ ಸಿಕ್ಕಿಕೊಳ್ಳುವುದಿಲ್ಲ. ಎಲ್ಲಕ್ಕಿಂತ ಸೊಟ್ಟಗಿರುವ ತೂತಿನ ಪಿನ್ನೊಂದು ಮೊದಲು ಬಿಗಿಯುತ್ತದೆ. ಅದನ್ನು ಮೆಲ್ಲಗೆ ಎತ್ತಿದರೆ ಸರಿಯಾದ ಎತ್ತರದಲ್ಲಿ ‘ಟಿಕ್’ ಎನ್ನುತ್ತದೆ, ಪ್ಲಗ್ಗು ಒಂದಿಷ್ಟೇ ಇಷ್ಟು ಜರುಗುತ್ತದೆ, ಮೇಲಿನ ಪಿನ್ನು ಅಲ್ಲೇ ಅಂಚಿನ ಮೇಲೆ ಕೂತುಬಿಡುತ್ತದೆ. ಆಮೇಲೆ ಇನ್ನೊಂದು ಬಿಗಿಯುತ್ತದೆ. ಹೀಗೆ ಒಂದೊಂದಾಗಿ ಮುಗಿಸುವುದಾದರೆ ಐದು ಪಿನ್ನಿಗೆ ಆರಾರು ಎತ್ತರ, ಒಟ್ಟು 30 ಸಾಧ್ಯತೆ. 7776 ಎಲ್ಲಿ, 30 ಎಲ್ಲಿ! ಅಂದರೆ ಆ ಬೀಗ ಪ್ರತಿ ಹೆಜ್ಜೆಗೂ ‘ಇದು ಸರಿಯಾಯಿತು, ಮುಂದಕ್ಕೆ ಹೋಗು’ ಎಂದು ತಾನೇ ಹೇಳಿಕೊಡುತ್ತದೆ.

ನಿಜವಾದ ಹೈ ಸೆಕ್ಯುರಿಟಿ ಬೀಗ ಮಾಡುವುದು ಈ ಬಾಯನ್ನು ಮುಚ್ಚಿಸುವ ಕೆಲಸ. ಪಿನ್ನುಗಳ ಸಂಖ್ಯೆಗಿಂತ ಇದು ಮುಖ್ಯ.

ಮೊದಲ ಉಪಾಯ ನಿಖರತೆ. ತೂತುಗಳು ಒಂದೇ ಗೆರೆಯಲ್ಲಿ, ಪಿನ್ನಿಗೂ ತೂತಿಗೂ ನಡುವೆ ಸಡಿಲವೇ ಇಲ್ಲದಂತೆ ಇದ್ದರೆ ಎರಡು ಮೂರು ಪಿನ್ನುಗಳು ಒಟ್ಟಿಗೆ ಬಿಗಿಯುತ್ತವೆ, ‘ಟಿಕ್’ ಎನ್ನುವುದು ಬೆರಳಿಗೆ ತಿಳಿಯುವುದೇ ಇಲ್ಲ. ಬೆಲೆಯ ಬಹುಪಾಲು ಹೋಗುವುದು ಇದಕ್ಕೆ. ಇದರ ಅಡ್ಡ ಪರಿಣಾಮವೂ ಒಂದಿದೆ: ಇಷ್ಟು ಬಿಗಿಯಾದ ಬೀಗಕ್ಕೆ ಧೂಳು, ಉಪ್ಪು ಹೊಕ್ಕರೆ ಸಡಿಲ ಬೀಗಕ್ಕಿಂತ ಬೇಗ ಹಿಡಿದುಕೊಳ್ಳುತ್ತದೆ. ಉಪ್ಪಳದ ಮನೆಯ ವಿಷಯದಲ್ಲಿ ಇದು ಮತ್ತೆ ಬರುತ್ತದೆ.

ಎರಡನೆಯದು ಸುಳ್ಳು ಹೇಳುವ ಪಿನ್ನು. ಮೇಲಿನ ಪಿನ್ನನ್ನು ನೇರ ಉರುಳೆಯಾಗಿ ಮಾಡದೆ ನೂಲು ಸುತ್ತುವ ರೀಲಿನ ಹಾಗೆ ನಡು ಸಣ್ಣ ಮಾಡಿ, ಇಲ್ಲವೇ ಮೈಮೇಲೆ ಗರಗಸದಂಥ ಗೀರುಗಳನ್ನು ಕೊಟ್ಟು ಇಡುತ್ತಾರೆ. ಸರಿಯಾದ ಎತ್ತರಕ್ಕೆ ಬರುವ ಮೊದಲೇ ಅದು ‘ಟಿಕ್’ ಎಂದು ಕೂತಂತೆ ನಟಿಸುತ್ತದೆ. ಪ್ಲಗ್ಗು ಸ್ವಲ್ಪ ಜಾಸ್ತಿಯೇ ತಿರುಗಿ ಇನ್ನೇನು ತೆರೆಯಿತು ಅನ್ನಿಸಿ ನಿಂತುಬಿಡುತ್ತದೆ. ಮುಂದಕ್ಕೆ ಹೋಗಬೇಕಾದರೆ ತಿರುಚಿದ ಹಿಡಿತವನ್ನು ಸಡಿಲಿಸಿ ಪ್ಲಗ್ಗನ್ನು ಹಿಂದಕ್ಕೆ ಬಿಡಬೇಕು. ಹಾಗೆ ಬಿಟ್ಟಾಗ ಮೊದಲೇ ಕೂರಿಸಿದ್ದ ಪಿನ್ನುಗಳು ಬಿದ್ದುಹೋಗುವ ಸಂಭವ. ಹೊಸಬರು ಸೋಲುವುದು ಇಲ್ಲೇ. ಪಳಗಿದವರಿಗೆ ಮಾತ್ರ ಇದೊಂದೇ ದೊಡ್ಡ ತಡೆಯಲ್ಲ. ಸಾಧಾರಣ ಬೆಲೆಯ ಒಳ್ಳೆಯ ಬೀಗಗಳಲ್ಲೂ ಇಂಥ ಪಿನ್ನು ಸಿಗುತ್ತದೆ, ಅಂಗಡಿಯಲ್ಲಿ ಕೇಳಲು ನಾಚಿಕೆ ಬೇಡ.

ನಿಜವಾದ ಜಿಗಿತ ಮೂರನೆಯದರಲ್ಲಿದೆ: ಒಂದೇ ಬೀಗದಲ್ಲಿ ಪರಸ್ಪರ ಸಂಬಂಧವಿಲ್ಲದ ಎರಡು ಪರೀಕ್ಷೆ. ಅಮೆರಿಕದಲ್ಲಿ 1968ರಲ್ಲಿ ಶುರುವಾದ ಮೆಡೆಕೊದ ಬೀಗ ಇದಕ್ಕೆ ಹೆಸರಾದದ್ದು. ಅದರ ಕೀಯ ಕಚ್ಚುಗಳು ನೇರವಾಗಿಲ್ಲ, ಓರೆಯಾಗಿವೆ. ಆದ್ದರಿಂದ ಪಿನ್ನು ಎತ್ತರಕ್ಕೆ ಏರುವುದಷ್ಟೇ ಅಲ್ಲ, ತನ್ನ ಸುತ್ತ ತಾನೇ ತಿರುಗಿ ಇಂಥದ್ದೇ ಕೋನದಲ್ಲಿ ನಿಲ್ಲಬೇಕು. ಹಾಗೆ ನಿಂತಾಗ ಮಾತ್ರ ಎಲ್ಲ ಪಿನ್ನುಗಳ ಪಕ್ಕದ ಗೀರುಗಳು ಒಂದು ಸಾಲಿಗೆ ಬಂದು, ಬದಿಯಲ್ಲಿರುವ ‘ಸೈಡ್‌ಬಾರ್’ ಎಂಬ ಪಟ್ಟಿ ಆ ಗೀರುಗಳೊಳಗೆ ಸರಿಯಲು ಜಾಗವಾಗುತ್ತದೆ. ಆರು ಎತ್ತರ, ಮೂರು ಕೋನ ಎಂದರೆ ಒಂದು ಪಿನ್ನಿಗೆ 18 ಸ್ಥಿತಿ. ಆರು ಪಿನ್ನಿಗೆ ಲೆಕ್ಕದ ಮೇಲೆ 3.4 ಕೋಟಿ. ಆದರೆ ಇಲ್ಲೂ ಮುಖ್ಯವಾದದ್ದು ಆ ಕೋಟಿಯ ಸಂಖ್ಯೆಯಲ್ಲ. ಎತ್ತರ ಸರಿಯಾದರೂ ಕೋನ ತಪ್ಪಿದ್ದರೆ ಬೆರಳಿಗೆ ಬರುವ ಸುದ್ದಿ ಗೊಂದಲದ್ದು, ಕೋನ ತಿದ್ದಲು ಹೋದರೆ ಎತ್ತರ ಕೆಡುತ್ತದೆ.

ಇಸ್ರೇಲಿನಲ್ಲಿ 1973ರಲ್ಲಿ ಸ್ಥಾಪನೆಯಾದ ಮುಲ್-ಟಿ-ಲಾಕ್ ಇನ್ನೊಂದು ದಾರಿ ಹಿಡಿಯಿತು: ಪಿನ್ನಿನ ಹೊಟ್ಟೆಯೊಳಗೆ ಇನ್ನೊಂದು ಪಿನ್ನು. ಹೊರಗಿನದ್ದು, ಒಳಗಿನದ್ದು ಎರಡೂ ಬೇರೆಬೇರೆಯಾಗಿ ಸರಿಯಾಗಬೇಕು. ಅದರ ಕೀಯೂ ಗುಳಿ ಕೀಯೇ. ಆ ಗುಳಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಒಂದು ವೃತ್ತದೊಳಗೆ ಇನ್ನೊಂದು ಆಳದ ಚುಕ್ಕೆ ಕಾಣುತ್ತದೆ. ನಿಮಗೆ ಅಂಗಡಿಯಲ್ಲಿ ತೋರಿಸಿದ ಕೀಯಲ್ಲಿ ಅದಿದೆಯೇ, ಬದಿಯಲ್ಲಿ ಬೇರೆ ಗೀರುಗಳ ಸಾಲಿದೆಯೇ, ಅಥವಾ ಒಂಟಿ ಗುಳಿಗಳು ಮಾತ್ರವೇ ಎಂದು ಒಮ್ಮೆ ನೋಡಿ. ಒಂಟಿ ಗುಳಿಗಳು ಮಾತ್ರ ಇದ್ದರೆ ‘ಯಾರಿಂದಲೂ ಆಗದು’ ಎಂಬ ಮಾತಿಗೆ ಆಧಾರ ಕಡಿಮೆ.

ನಮ್ಮ ಹವೆಗೆ ಹೆಚ್ಚು ಹೊಂದುವುದು ನಾಲ್ಕನೆಯ ಬಗೆ, ಬಿಲ್ಲೆಗಳ ಬೀಗ. ಫಿನ್ಲೆಂಡಿನ ಎಮಿಲ್ ಹೆನ್ರಿಕ್‌ಸನ್ 1907ರಲ್ಲಿ ಕಂಡುಹಿಡಿದದ್ದು, ಅಬ್ಲೋಯ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದದ್ದು. ಇದರಲ್ಲಿ ಪಿನ್ನಿಲ್ಲ, ಪಿನ್ನನ್ನು ತಳ್ಳುವ ಸ್ಪ್ರಿಂಗೂ ಇಲ್ಲ. ಒಂದರ ಹಿಂದೊಂದು ಜೋಡಿಸಿದ ಲೋಹದ ಬಿಲ್ಲೆಗಳು. ಕೀ ಒಂದೊಂದನ್ನೂ ಒಂದೊಂದು ಕೋನಕ್ಕೆ ತಿರುಗಿಸಿದಾಗ ಎಲ್ಲದರ ಅಂಚಿನ ಕಚ್ಚುಗಳು ಸಾಲಾಗಿ ಸೈಡ್‌ಬಾರ್ ಒಳಗೆ ಬೀಳುತ್ತದೆ. ಬಿಲ್ಲೆಗಳಲ್ಲಿ ಸುಳ್ಳು ಕಚ್ಚುಗಳನ್ನೂ ಕೊರೆದಿರುತ್ತಾರೆ. ಸ್ಪ್ರಿಂಗ್ ಇಲ್ಲದ್ದರಿಂದ ತಿದ್ದಿದ ಕೀಯನ್ನು ತೂರಿಸಿ ಬಡಿದು ಪಿನ್ನುಗಳನ್ನು ಹಾರಿಸುವ ‘ಬಂಪಿಂಗ್’ ವಿದ್ಯೆ ಇದರ ಮುಂದೆ ನಡೆಯದು. ಮಾಮೂಲಿ ಕಡ್ಡಿಗಳೂ ಉಪಯೋಗವಿಲ್ಲ, ಆ ಬೀಗದ ಅಳತೆಗೇ ಮಾಡಿದ ಸಾಧನ ಬೇಕು. ಆದರೆ ಇದೇ ತತ್ವದ ಅಗ್ಗದ ನಕಲುಗಳೂ ಉಂಟು. ಬಿಲ್ಲೆಗಳು ಸಡಿಲವಾಗಿ ಗಲಗಲ ಅನ್ನುವ ಆ ಬೀಗಗಳಿಗೆ ಮೂಲದ ಗುಣವಿಲ್ಲ. ತಿರುಗುವ ಪುಟ್ಟ ಅಯಸ್ಕಾಂತಗಳ ಬೀಗವೂ ಇದೆ, ಆಸ್ಟ್ರಿಯಾದ ಎವ್ವಾದ್ದು. ಮನೆಬಾಗಿಲಿಗೆ ಅಷ್ಟೆಲ್ಲ ಬೇಡ.

ಹಾಗಾದರೆ ತೆಗೆಯಲಾಗದ ಬೀಗ ಇದೆಯೇ? ಬೀಗಗಳನ್ನು ಪರೀಕ್ಷಿಸುವವರು ಆ ಪ್ರಶ್ನೆಯನ್ನೇ ಕೇಳುವುದಿಲ್ಲ. ಅವರು ಕೇಳುವುದು ‘ಎಷ್ಟು ಹೊತ್ತು?’ ಅಮೆರಿಕದ ಯುಎಲ್ 437 ಮಾನದಂಡದಲ್ಲಿ ಪಳಗಿದ ಪರೀಕ್ಷಕ ಕಡ್ಡಿ ಹಾಕಿದಾಗ ಬೀಗ 10 ನಿಮಿಷ ತಡೆದರೆ ಸಾಕು. ಕೊರೆಯುವುದಕ್ಕೆ, ಎಳೆಯುವುದಕ್ಕೆ 5 ನಿಮಿಷ. ಹತ್ತೇ ನಿಮಿಷವೇ ಎಂದು ಮೂಗು ಮುರಿಯಬೇಡಿ. ಎಲ್ಲ ಸಾಧನಗಳನ್ನೂ ಹಿಡಿದು, ಬೆಳಕಿನಲ್ಲಿ ಕೂತು, ಬೀಗದ ಒಳಗುಟ್ಟು ತಿಳಿದ ಮನುಷ್ಯನಿಗೆ ಹತ್ತು ನಿಮಿಷ ಎಂದರೆ ಕತ್ತಲಲ್ಲಿ ಹೊಸ್ತಿಲ ಮುಂದೆ ಕುಕ್ಕರುಗಾಲಿನಲ್ಲಿ ಕೂತವನಿಗೆ ಬಹಳ. ಹಳೆಯ ಉದಾಹರಣೆಯೊಂದಿದೆ. ಲಂಡನ್ನಿನ ಜೋಸೆಫ್ ಬ್ರಾಮಾ ಕಂಪನಿ ತನ್ನ ಬೀಗವನ್ನು ತೆಗೆದವರಿಗೆ 200 ಗಿನಿ ಬಹುಮಾನ ಎಂದು ಅಂಗಡಿಯ ಕಿಟಕಿಯಲ್ಲಿ ಬರೆದಿಟ್ಟಿತ್ತು. 60 ವರ್ಷ ಯಾರಿಗೂ ಆಗಲಿಲ್ಲ. 1851ರ ಮಹಾ ಪ್ರದರ್ಶನದ ಸಮಯದಲ್ಲಿ ಬಂದ ಅಮೆರಿಕದ ಎ. ಸಿ. ಹಾಬ್ಸ್ ತೆಗೆದ, 16 ದಿನಗಳಲ್ಲಿ ಹಂಚಿಹೋದ ಒಟ್ಟು 51 ಗಂಟೆಗಳ ಕೆಲಸ. ಬೀಗ ಸೋತಿತೇ ಎಂದರೆ ಸೋತಿತು. ಆದರೆ ಯಾವ ಕಳ್ಳ ಹದಿನಾರು ದಿನ ಬಂದು ಕೂರುತ್ತಾನೆ?

ಮೊಬೈಲಿನ ವಿಡಿಯೊಗಳನ್ನೂ ಈ ಕಣ್ಣಿನಿಂದಲೇ ನೋಡಿ. ಬೀಗ ತೆಗೆಯುವುದು ಹೊರದೇಶಗಳಲ್ಲಿ ಒಂದು ಹವ್ಯಾಸ, ಅದಕ್ಕೆ ಸಂಘಗಳಿವೆ, ಸ್ಪರ್ಧೆಗಳಿವೆ. ಅವರ ಬೀಗ ಮೇಜಿನ ಮೇಲೆ ವೈಸಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಅದೇ ಮಾದರಿಯ ನಾಲ್ಕಾರನ್ನು ಮೊದಲೇ ಬಿಚ್ಚಿ ನೋಡಿರುತ್ತಾರೆ. ತಪ್ಪಿಹೋದ ಪ್ರಯತ್ನಗಳು ವಿಡಿಯೊಕ್ಕೆ ಬರುವುದಿಲ್ಲ. ಆದರೂ ಅಗ್ಗದ ಬೀಗ ಅರ್ಧ ನಿಮಿಷದಲ್ಲಿ ತೆರೆಯುವುದು ಮೋಸವಲ್ಲ, ಅದು ಆ ಬೀಗದ ಯೋಗ್ಯತೆಯೇ.

ಇಷ್ಟು ಹೇಳಿದ ಮೇಲೆ ಒಂದು ಕಟು ಮಾತು. ನಿಮ್ಮ ಎರಡೂ ಮನೆಗಳಿಗೆ ಕಡ್ಡಿ ಹಾಕುವವನ ಭಯ ಕೊನೆಯದ್ದು. ಮನೆಗೆ ನುಗ್ಗುವವನಿಗೆ ಬೀಗದ ಒಳಗು ಬೇಕಾಗಿಲ್ಲ. ಅವನಿಗೆ ಹಾರೆ, ಪಿಕ್ಕಾಸು, ಸರಳು ಕತ್ತರಿಸುವ ಕಟ್ಟರ್ ಸಾಕು. ಹಂಚಿನ ಮಾಡಿನ ಮೇಲೆ ಆಟಿಯ ಮಳೆ ಹೊಯ್ಯುತ್ತಿರುವಾಗ ಬಾಗಿಲು ಮೀಟಿದ ಸದ್ದು ಪಕ್ಕದ ತೋಟಕ್ಕೂ ಕೇಳಿಸದು. ಆದ್ದರಿಂದ ಬೀಗಕ್ಕೆ ಎಂದು ತೆಗೆದಿಟ್ಟ ದುಡ್ಡಿನಲ್ಲಿ ಅರ್ಧವನ್ನು ಬಾಗಿಲು, ದಾರಂದ, ಚಿಲಕ, ಸ್ಕ್ರೂಗಳಿಗೆ ಹಾಕಿ.

ಪೆರ್ಲದ ಮನೆಯಿಂದ ಶುರುಮಾಡೋಣ. ಜೋಡಿ ಬಾಗಿಲಿಗೆ ಎಷ್ಟೇ ದುಬಾರಿ ಬೀಗ ಹಾಕಿದರೂ, ಅದು ಒಂದು ಎಸಳನ್ನು ಇನ್ನೊಂದು ಎಸಳಿಗೆ ಕಟ್ಟುತ್ತದೆ ಅಷ್ಟೆ. ಆ ಇನ್ನೊಂದು ಎಸಳನ್ನು ಹಿಡಿದಿರುವುದು ಮೇಲೆ ಕೆಳಗೆ ಇರುವ ಚಿಲಕಗಳು. ಅವು ಆರಿಂಚಿನ ಅಲ್ಯೂಮಿನಿಯಂ ಚಿಲಕಗಳಾದರೆ ಒಂದು ಒದೆತಕ್ಕೆ ಎರಡೂ ಎಸಳು ಒಟ್ಟಿಗೆ ತೆರೆದುಕೊಳ್ಳುತ್ತವೆ, ಬೀಗ ಹಾಗೇ ಗಟ್ಟಿಯಾಗಿ ಕೂತಿರುತ್ತದೆ. ಅಲ್ಲಿ ಹನ್ನೆರಡು ಇಂಚಿನ ಕಬ್ಬಿಣದ ಟವರ್ ಬೋಲ್ಟ್ ಬೇಕು, ಅದರ ಸರಳು ಕೆಳಗೆ ಹೊಸ್ತಿಲಿನಲ್ಲೂ ಮೇಲೆ ದಾರಂದದಲ್ಲೂ 20ರಿಂದ 25 ಮಿಲಿಮೀಟರ್ ಒಳಗೆ ಇಳಿಯಬೇಕು. ಹಲಸಿನ ಮರ ಗಟ್ಟಿ. ಮೊದಲು ಸಣ್ಣ ಬಿಟ್ಟಿನಿಂದ ತೂತು ಕೊರೆಯದೆ ಸ್ಕ್ರೂ ಬಿಗಿದರೆ ಸ್ಕ್ರೂವಿನ ತಲೆಯೇ ಮುರಿಯುತ್ತದೆ, ಅವಸರದ ಆಚಾರಿ ಆಗ ಸುತ್ತಿಗೆಯಿಂದ ಬಡಿದು ಕೂರಿಸುತ್ತಾನೆ. ಬಡಿದ ಸ್ಕ್ರೂ ಮೊಳೆಯಷ್ಟೂ ಹಿಡಿಯದು. ಎದುರು ನಿಂತು ಮಾಡಿಸಿ.

ಇನ್ನೂ ಒಳ್ಳೆಯ ದಾರಿ ಹಳೆಯ ಮನೆಯಲ್ಲೇ ಇದೆ. ಮುಂಬಾಗಿಲಿಗೆ ಒಳಗಿನಿಂದ ಅಡ್ಡ ಮರ ಕೊಡುವ ವ್ಯವಸ್ಥೆ ಇದ್ದರೆ, ಊರು ಬಿಡುವಾಗ ಮುಂಬಾಗಿಲಿಗೆ ಅದನ್ನೇ ಕೊಟ್ಟು ಹಿಂಬಾಗಿಲಿನಿಂದ ಹೊರಗೆ ಬನ್ನಿ. ಹೊರಗಿನಿಂದ ಬೀಗವೇ ಕಾಣದ ಬಾಗಿಲನ್ನು ಕಡ್ಡಿಯಿಂದ ತೆಗೆಯುವ ಪ್ರಶ್ನೆಯೇ ಬರುವುದಿಲ್ಲ. ಆಗ ಒಳ್ಳೆಯ ಬೀಗ ಒಂದೇ ಬಾಗಿಲಿಗೆ ಸಾಕು, ಅದೂ ಒಂಟಿ ಎಸಳಿನದ್ದಕ್ಕೆ.

ಆ ಬಾಗಿಲಿನ ದಪ್ಪ ಅಳೆಯಿರಿ. 40 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಮರದೊಳಗೆ ಗೂಡು ಕೊರೆದು ಕೂರಿಸುವ ಮಾರ್ಟೈಸ್ ಬೀಗ ಬೇಡ. 35 ಮಿಲಿಮೀಟರ್ ಬಾಗಿಲಲ್ಲಿ ಗೂಡು ಕೊರೆದರೆ ಎರಡೂ ಬದಿಗೆ ಉಳಿಯುವುದು ಎಂಟು ಹತ್ತು ಮಿಲಿಮೀಟರ್ ಮರ, ಮೀಟಿದಾಗ ಸೀಳುವುದು ಅಲ್ಲೇ. ಅಂಥಲ್ಲಿ ಒಳಮುಖಕ್ಕೆ ಕೂರಿಸುವ, ಎರಡು ಮೂರು ಬೋಲ್ಟು ಹೊರಡುವ ರಿಮ್ ಬೀಗ ಮೇಲು. ಬೋಲ್ಟು ಕನಿಷ್ಠ 20 ಮಿಲಿಮೀಟರ್ ಹೊರಬರಬೇಕು. ಬಾಗಿಲು ಎಳೆದುಕೊಂಡ ಕೂಡಲೇ ತಾನೇ ಬೀಳುವ ಓರೆ ಮೂತಿಯ ಲ್ಯಾಚನ್ನು ಬೀಗ ಎಂದು ನಂಬಬೇಡಿ, ಅದನ್ನು ಗಟ್ಟಿ ಪ್ಲಾಸ್ಟಿಕ್ ತುಂಡಿನಿಂದಲೂ ಹಿಂದಕ್ಕೆ ತಳ್ಳಬಹುದು. ಕೀ ತಿರುಗಿಸಿ ಚೌಕ ಬೋಲ್ಟನ್ನು ಪೂರ್ತಿ ಹೊರಡಿಸಿದರೆ ಮಾತ್ರ ಬೀಗ ಹಾಕಿದಂತೆ. ಬೋಲ್ಟು ಹೋಗಿ ಕೂರುವ ದಾರಂದದ ತಗಡಿಗೆ ಜತೆಗೆ ಬರುವ ಮುಕ್ಕಾಲಿಂಚಿನ ಸ್ಕ್ರೂ ಸಾಲದು, ಮೂರಿಂಚಿನದ್ದು ಹಾಕಿಸಿ.

ಬಾಗಿಲು ದಪ್ಪವಾಗಿದ್ದು ಮಾರ್ಟೈಸ್ ಹಾಕಿಸುವುದಾದರೆ ಸಿಲಿಂಡರಿನ ಉದ್ದದ ಬಗ್ಗೆ ಎಚ್ಚರ. ಯೂರೋ ಸಿಲಿಂಡರ್ ಎಂದು ಸಿಗುವ ಆ ಉದ್ದನೆಯ ತುಂಡಿನ ನಟ್ಟನಡುವೆ ಸ್ಕ್ರೂವಿಗೆ ತೂತು, ಬೋಲ್ಟನ್ನು ತಳ್ಳುವ ನಾಲಗೆಗೆ ಖಾಲಿ ಜಾಗ. ಉಳಿಯುವುದು ತೆಳ್ಳನೆಯ ಹಿತ್ತಾಳೆ. ಹೊರಗೆ ಚಾಚಿಕೊಂಡಿರುವ ತುದಿಯನ್ನು ಇಕ್ಕಳದಲ್ಲಿ ಹಿಡಿದು ಅಲುಗಿಸಿದರೆ ಅದು ಅಲ್ಲಿಗೇ ಮುರಿಯುತ್ತದೆ, ಒಳಗಿನ ಪಿನ್ನು ಎಷ್ಟೇ ಜಾಣನಾಗಿದ್ದರೂ. ಹೊರಬದಿಯ ತಗಡಿನಿಂದ ಸಿಲಿಂಡರ್ ಎರಡು ಮಿಲಿಮೀಟರಿಗಿಂತ ಹೆಚ್ಚು ಹೊರಗೆ ಬರಬಾರದು. ಲೆಕ್ಕ ಸರಳ: ನಡುವಿನ ಸ್ಕ್ರೂವಿನಿಂದ ಹೊರತಗಡಿನ ಮುಖದವರೆಗೆ ಅಳೆಯಿರಿ. ಬಾಗಿಲು 50, ತಗಡು ಬದಿಗೆ 5 ಎಂದಾದರೆ ಒಂದು ಬದಿಗೆ 30, ಅಂದರೆ 60ರ ಸಿಲಿಂಡರ್ ಸರಿಯಾಗಿ ಕೂರುತ್ತದೆ. 40ರ ಬಾಗಿಲಿಗೆ ಅದನ್ನೇ ಹಾಕಿದರೆ ಐದು ಮಿಲಿಮೀಟರ್ ಹೊರಗೆ ಚಾಚುತ್ತದೆ. ಆಗ ಅದರ ಸುತ್ತ ದಪ್ಪ ಉಕ್ಕಿನ ರಕ್ಷಣೆ ಬಳೆ ಹಾಕಿಸಲೇಬೇಕು, ಅದರ ಬೋಲ್ಟುಗಳು ಒಳಗಿನಿಂದ ಬಿಗಿಯುವಂಥದ್ದಿರಲಿ. ಹೈ ಸೆಕ್ಯುರಿಟಿ ಎಂದು ಕೊಂಡ ಸಿಲಿಂಡರುಗಳು ಸೋಲುವುದಕ್ಕೆ ದೊಡ್ಡ ಕಾರಣಗಳಲ್ಲಿ ಇದೊಂದು, ಕಡ್ಡಿ ಅಲ್ಲ.

ಪೆಟ್ಟಿಗೆಯ ಮೇಲೆ ಇಎನ್ 1303 ಎಂದು ಯುರೋಪಿನ ಮಾನದಂಡದ ಸಂಖ್ಯೆಯೂ ಅದರ ಪಕ್ಕ ಎಂಟು ಅಂಕಿ ಅಕ್ಷರಗಳ ಸಾಲೂ ಇದ್ದರೆ ಕೊನೆಯ ಮೂರನ್ನು ಓದಿ. ಆರನೆಯದು ತುಕ್ಕಿನ ಬಗ್ಗೆ: ಎ ಅಥವಾ ಸಿ ಇದ್ದರೆ ಉಪ್ಪುಗಾಳಿಗೆ ಪರೀಕ್ಷೆಯಾಗಿದೆ. ಏಳನೆಯದು ಕೀಗಳ ವೈವಿಧ್ಯ: 6 ಎಂದರೆ ಕನಿಷ್ಠ ಒಂದು ಲಕ್ಷ ಬೇರೆಬೇರೆ ಕೀ. ಎಂಟನೆಯದು ಕೊರೆತ, ತಿರುಚು, ಎಳೆತಗಳಿಗೆ ಎಷ್ಟು ತಡೆಯುತ್ತದೆ ಎಂಬುದು. ಇದರಲ್ಲಿ ಕಡ್ಡಿ ಹಾಕುವ ಪರೀಕ್ಷೆ ಇಲ್ಲವೇ ಇಲ್ಲ ಎನ್ನುವುದು ನೆನಪಿರಲಿ. ಏಳನೆಯ ಜಾಗದಲ್ಲಿ ಆರು ಇದೆಯೆಂದು ಅಂಗಡಿಯವರು ‘ತೆಗೆಯಲಾಗದು’ ಎಂದರೆ ಅದು ಅವರು ಸೇರಿಸಿಕೊಂಡ ಅರ್ಥ.

ಹಂಚಿನ ಮನೆಗೆ ಇನ್ನೊಂದು ಬಾಗಿಲು ಮೇಲೆ ಇದೆ. ಹಂಚು ಸರಿಸಿ ಇಳಿಯುವವನಿಗೆ ಬೀಗದ ಗ್ರೇಡು ಕಟ್ಟಿಕೊಂಡು ಏನಾಗಬೇಕು? ಬೆಲೆಬಾಳುವುದನ್ನು ಮರದ ಮುಚ್ಚಿಗೆ ಇರುವ ಕೋಣೆಯಲ್ಲಿಟ್ಟು, ಆ ಕೋಣೆಗೆ ಬೇರೆಯೇ ಬೀಗ ಹಾಕಿ.

ಅಡಿಕೆ ಕೋಣೆಯಲ್ಲೂ ಅಷ್ಟೆ. ಅದಕ್ಕೆ ಬಹುಶಃ ಆಲ್‌ಡ್ರಾಪ್ (ಬಾಗಿಲ ಹೊರಮುಖದ ಉದ್ದನೆಯ ಅಗುಳಿ) ಹಾಕಿ ನೇತಾಡುವ ಬೀಗ ಹಾಕುತ್ತೀರಿ. ಇಲ್ಲಿ ಸೋಲುವ ಜಾಗಗಳು ಮೂರು: ಬೀಗದ ಕೊಂಡಿ, ಆಲ್‌ಡ್ರಾಪಿನ ಕಿವಿ, ಅದನ್ನು ಹಿಡಿದಿರುವ ಬೋಲ್ಟು. ಆರೆಂಟು ಮಿಲಿಮೀಟರ್ ದಪ್ಪದ ಸಾದಾ ಕೊಂಡಿ ಕೈಕಟ್ಟರಿಗೆ ತುಂಡಾಗುತ್ತದೆ. ಹತ್ತು ಹನ್ನೆರಡು ಮಿಲಿಮೀಟರಿನ, ಹದಮಾಡಿ ಗಟ್ಟಿಗೊಳಿಸಿದ ಉಕ್ಕಿನ ಕೊಂಡಿಯಿರಲಿ, ಬೀಗದ ಭುಜಗಳು ಮೇಲಕ್ಕೆ ಬಂದು ಕೊಂಡಿಯನ್ನು ಆದಷ್ಟು ಮುಚ್ಚುವಂಥದ್ದಾದರೆ ಇನ್ನೂ ಒಳ್ಳೆಯದು, ಕಟ್ಟರಿನ ಬಾಯಿ ಹೋಗಲು ಜಾಗವೇ ಇರುವುದಿಲ್ಲ. ಒತ್ತಿದರೆ ಮುಚ್ಚಿಕೊಳ್ಳುವ ಅಗ್ಗದ ಬೀಗ ಬೇಡ: ಅದರ ಕೊಂಡಿಯನ್ನು ಹಿಡಿದಿರುವುದು ಸ್ಪ್ರಿಂಗಿನ ಒಂದು ನಾಲಗೆ, ಸಂದಿಯಲ್ಲಿ ತೆಳು ತಗಡು ಇಳಿಸಿದರೆ ಅದು ಹಿಂದೆ ಸರಿಯುತ್ತದೆ, ಕಡ್ಡಿಯೂ ಬೇಡ. ಮುಚ್ಚಲೂ ಕೀ ತಿರುಗಿಸಬೇಕಾದ, ಮುಚ್ಚುವವರೆಗೆ ಕೀಯನ್ನು ಬಿಟ್ಟುಕೊಡದ ಬೀಗ ತನ್ನಿ. ಗೋದ್ರೇಜಿನ ನವ್‌ತಾಲ್‌ನಂಥ ಲಿವರ್ ಬೀಗ (ಒಳಗಿನ ತಗಡು ಪಟ್ಟಿಗಳನ್ನು ಕೀ ಸರಿಯಾದ ಎತ್ತರಕ್ಕೆ ಎತ್ತಿದಾಗ ತೆರೆಯುವಂಥದ್ದು) ಹಳೆಯ ವಿನ್ಯಾಸದ್ದಾದರೂ ಕೊಟ್ಟಿಗೆ, ಗೋದಾಮುಗಳಿಗೆ ಈಗಲೂ ನ್ಯಾಯದ ಆಯ್ಕೆ. ಧೂಳಿಗೆ ಬೇಗ ಮುನಿಯುವುದಿಲ್ಲ. ಆಲ್‌ಡ್ರಾಪನ್ನು ಮರದ ಸ್ಕ್ರೂವಿನಲ್ಲಿ ಕೂರಿಸದೆ, ಹೊರಗೆ ಗುಂಡು ತಲೆ ಮಾತ್ರ ಕಾಣುವ ಬೋಲ್ಟುಗಳನ್ನು ಬಾಗಿಲಿನ ಆಚೆಗೆ ಹಾಯಿಸಿ, ಒಳಗಿನಿಂದ ವಾಷರ್ ಕೊಟ್ಟು ನಟ್ಟು ಬಿಗಿಸಿ. ಕಬ್ಬಿಣದ ಗ್ರಿಲ್ ಬಾಗಿಲಾದರೆ ಬೆಸುಗೆ ಹಾಕಿಸಿ.

ಉಪ್ಪಳದ ಮನೆಯ ಶತ್ರು ಬೇರೆ. ಅಲ್ಲಿ ಬೀಗವನ್ನು ಕೆಡಿಸುವುದು ಕಳ್ಳನಿಗಿಂತ ಮೊದಲು ಕಡಲಗಾಳಿ. ಜಿಂಕ್ ಮಿಶ್ರಲೋಹದ ಮೈಗೆ ಹೊಳಪು ಲೇಪಿಸಿದ ಬೀಗಗಳು ಕೆಲವೇ ಮಳೆಗಾಲದಲ್ಲಿ ಬಿಳಿಪುಡಿ ಉಗುಳಿ ಉಬ್ಬುತ್ತವೆ. ಒಳಗಿನ ಸ್ಪ್ರಿಂಗುಗಳು ಸಾದಾ ಉಕ್ಕಿನದ್ದಾದರೆ ತುಕ್ಕು ಹಿಡಿದು ಪಿನ್ನುಗಳು ಅರ್ಧದಲ್ಲೇ ನಿಲ್ಲುತ್ತವೆ, ಮೂರು ತಿಂಗಳ ಮೇಲೆ ಬಂದು ನೋಡಿದರೆ ಕೀ ಅರ್ಧ ಹೋಗಿ ನಿಲ್ಲುತ್ತದೆ. ಗಟ್ಟಿ ಹಿತ್ತಾಳೆ ಮೈ, ಸ್ಟೈನ್‌ಲೆಸ್ ಅಥವಾ ಕಂಚಿನ ಸ್ಪ್ರಿಂಗು, ಕೀ ತೂತಿಗೆ ಮುಚ್ಚಳ ಇರುವುದನ್ನು ಕೇಳಿ. ಹೊರಗೇಟಿಗೆ ಬಿಲ್ಲೆಗಳ ಬೀಗ ಎಲ್ಲಕ್ಕಿಂತ ಚೆನ್ನ. ಕಾಣುವ ಕಡೆ ಸ್ಟೈನ್‌ಲೆಸ್ ಬೇಕಾದರೆ 304ಕ್ಕಿಂತ 316 ದರ್ಜೆ ಉಪ್ಪಿಗೆ ಹೆಚ್ಚು ತಾಳುತ್ತದೆ. ಆದರೆ ಸ್ಟೈನ್‌ಲೆಸ್ ಕೊಂಡಿ ಹದಮಾಡಿದ ಉಕ್ಕಿನಷ್ಟು ಗಡಸಲ್ಲ, ಕಟ್ಟರಿಗೆ ಬೇಗ ಸೋಲುತ್ತದೆ. ತುಕ್ಕೂ ಹಿಡಿಯದ, ತುಂಡೂ ಆಗದ ಅಗ್ಗದ ಕೊಂಡಿ ಸಿಗದು. ಕಡಲ ಬದಿಯ ಗೇಟಿಗೆ ಸ್ಟೈನ್‌ಲೆಸ್, ಮಾಡಿನಡಿಯ ಬಾಗಿಲಿಗೆ ಹದಮಾಡಿದ ಉಕ್ಕು ಎಂದು ಹಂಚಿಕೊಳ್ಳಿ.

ಬೀಗದ ತೂತಿಗೆ ತೆಂಗಿನೆಣ್ಣೆ ಬಿಡುವ ಪದ್ಧತಿಯನ್ನು ದಯವಿಟ್ಟು ನಿಲ್ಲಿಸಿ. ಆ ದಿನ ಸಲೀಸಾಗುತ್ತದೆ, ಆಮೇಲೆ ಧೂಳು ಸೇರಿ ಅಂಟಾಗುತ್ತದೆ. ಮೇ ಕೊನೆಯಲ್ಲಿ ಒಮ್ಮೆ, ಮಳೆ ಬಿಟ್ಟ ಮೇಲೆ ಅಕ್ಟೋಬರಿನಲ್ಲಿ ಒಮ್ಮೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಕೀ ಹಾಕಿ ತೆಗೆದು ಒರೆಸಿ, ಒಣಗಿದ ಮೇಲೆ ಒಣ ಪಿಟಿಎಫ್‌ಇ (ಟೆಫ್ಲಾನ್) ಸ್ಪ್ರೇ ಸ್ವಲ್ಪ ಹೊಡೆಯಿರಿ. ಡಬ್ಲ್ಯುಡಿ-40 ನೀರನ್ನೂ ತುಕ್ಕನ್ನೂ ಓಡಿಸಲು ಸರಿ, ನಯವಾಗಿ ಉಳಿಸಲು ಅದನ್ನೇ ನಂಬಬಾರದು.

ಮಳೆಗಾಲದಲ್ಲಿ ಕೀ ಬಿಗಿಯಾದರೆ ಬೀಗಕ್ಕೆ ಬೈಯುವ ಮೊದಲು ಬಾಗಿಲನ್ನು ತೆರೆದಿಟ್ಟು ಕೀ ತಿರುಗಿಸಿ ನೋಡಿ. ಹಾಗೆ ಸಲೀಸಾಗಿ ತಿರುಗಿದರೆ ಬೀಗದ ತಪ್ಪಲ್ಲ, ಮರ ನೀರು ಕುಡಿದು ಉಬ್ಬಿ ಬೋಲ್ಟು ದಾರಂದದ ತಗಡಿಗೆ ಉಜ್ಜುತ್ತಿದೆ. ತಗಡಿನ ತೂತನ್ನು ಮೇಲೆ ಕೆಳಗೆ ಎರಡೆರಡು ಮಿಲಿಮೀಟರ್ ಅರ ಹಾಕಿ ಅಗಲಿಸಿದರೆ ಮುಗಿಯಿತು. ಬಲ ಹಾಕಿ ತಿರುಗಿಸುತ್ತ ಹೋದರೆ ಒಂದು ದಿನ ಕೀ ಒಳಗೇ ಮುರಿಯುತ್ತದೆ, ಹೈ ಸೆಕ್ಯುರಿಟಿ ಬೀಗದಲ್ಲಿ ಅದು ಸಣ್ಣ ಸಮಸ್ಯೆಯಲ್ಲ: ಕೊರೆಯದಂತೆ ಒಳಗೆ ಗಟ್ಟಿ ಉಕ್ಕಿನ ಕಡ್ಡಿಗಳಿರುತ್ತವೆ, ಕಳ್ಳನಿಗೆ ತಡೆಯಾದದ್ದು ನಿಮ್ಮ ಮೆಕ್ಯಾನಿಕ್ಕಿಗೂ ತಡೆಯೇ.

ಕೀಯ ಬಗ್ಗೆಯೇ ಇನ್ನೆರಡು ಮಾತು, ಏಕೆಂದರೆ ಒಳ್ಳೆಯ ಬೀಗವನ್ನು ತೆಗೆಯುವ ಅತಿ ಸುಲಭದ ದಾರಿ ಅದರ ಕೀಯ ನಕಲು. ಪೇಟೆಯ ಕೀ ಅಂಗಡಿಯಲ್ಲಿ ಐದು ನಿಮಿಷದಲ್ಲಿ ನಕಲಾಗುವ ಕೀ ಇರುವ ಬೀಗಕ್ಕೆ ಎಷ್ಟು ಪಿನ್ನಿದ್ದರೇನು? ಕಾರ್ಡು ತೋರಿಸಿದರೆ ಮಾತ್ರ ಕಂಪನಿಯಿಂದಲೇ ನಕಲು ಕೊಡುವ ಬೀಗಗಳಿಗೆ ಹೆಚ್ಚು ದುಡ್ಡು ಕೊಡುವುದಾದರೆ ಅದಕ್ಕಾಗಿ ಕೊಡಿ. ಆ ಕಾರ್ಡು, ಕೀಯ ಮೇಲಿನ ಸಂಖ್ಯೆ ಎರಡನ್ನೂ ಬೆಂಗಳೂರಿನಲ್ಲಿಡಿ. ಕೀಯ ಫೋಟೊ ತೆಗೆದು ವಾಟ್ಸ್ಆ್ಯಪಿನಲ್ಲಿ ‘ಇದು ಯಾವ ಕೋಣೆಯದ್ದು?’ ಎಂದು ಕುಟುಂಬದ ಗುಂಪಿಗೆ ಹಾಕಬೇಡಿ. ಕಚ್ಚುಗಳು ಸ್ಪಷ್ಟವಾಗಿ ಕಂಡರೆ ಫೋಟೊದಿಂದಲೇ ಅಳತೆ ತೆಗೆದು ಕೀ ಮಾಡಬಹುದು. ತುಳಸಿಕಟ್ಟೆಯ ಹಿಂದೆ, ಮಾಡಿನ ಸಂದಿಯಲ್ಲಿ ಕೀ ಇಡುವುದನ್ನು ಊರಿಗೇ ಗೊತ್ತಿರುವ ಗುಟ್ಟು ಎನ್ನಬಹುದು.

ಬೆರಳಚ್ಚಿನ ಸ್ಮಾರ್ಟ್ ಲಾಕ್ ಬಗ್ಗೆ ನೀವು ಕೇಳಿಲ್ಲ, ಆದರೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದರಲ್ಲೂ ತುರ್ತಿಗೆಂದು ಒಂದು ಕೀ ತೂತು ಅಡಗಿರುತ್ತದೆ, ಹಲವು ಮಾದರಿಗಳಲ್ಲಿ ಅಲ್ಲಿ ಕೂತಿರುವುದು ಅತಿ ಸಾದಾ ಸಿಲಿಂಡರ್. ಮೂರು ತಿಂಗಳು ಮುಚ್ಚಿರುವ ಮನೆಯಲ್ಲಿ ಬ್ಯಾಟರಿ ಸೋರಿದರೆ ಇನ್ನೊಂದು ರಾಮಾಯಣ. ಬೇಡ.

ಅಜ್ಜನ ಬೀಗಕ್ಕೆ ಬರೋಣ. ಅದರ ಕೀಯ ಹಲ್ಲನ್ನು ನೋಡಿ. ಹಲ್ಲಿನ ತುದಿ ಮೆಟ್ಟಿಲಿನ ಹಾಗೆ ಎತ್ತರ ತಗ್ಗಾಗಿದ್ದರೆ ಒಳಗೆ ಲಿವರುಗಳಿವೆ. ತುದಿ ಒಂದೇ ಸಮವಾಗಿದ್ದು ನಡುನಡುವೆ ಸೀಳುಗಳು ಮಾತ್ರ ಇದ್ದರೆ ಒಳಗಿರುವುದು ಬರೀ ಅಡ್ಡಗೋಡೆಗಳು, ಅಂಥ ಬೀಗವನ್ನು ಬಾಗಿಸಿದ ತಂತಿಯೂ ತೆಗೆಯುತ್ತದೆ. ಮೊದಲ ಬಗೆಯದ್ದಾದರೆ ಬಿಸಾಡಬೇಡಿ. ಕೈಕೆಲಸದ ಒಳ್ಳೆಯ ಲಿವರ್ ಬೀಗಗಳು ಅಲಿಗಢ, ದಿಂಡುಗಲ್ ಕಡೆಯಿಂದ ಬರುತ್ತಿದ್ದವು. ದಿಂಡುಗಲ್ಲಿನ ಬೀಗಕ್ಕೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿದೆ. ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ಅದ್ದಿಟ್ಟು, ಒಣಗಿಸಿ, ಹತ್ತಿಪ್ಪತ್ತು ಸಲ ಹಾಕಿ ತೆಗೆದು ನೋಡಿ. ಕೀ ಎಲ್ಲೂ ತಡೆಯದೆ ತಿರುಗಿದರೆ ಮುಚ್ಚಿಗೆ ಇರುವ ಒಳಕೋಣೆಗೆ ಅದನ್ನೇ ಹಾಕಿ. ಅದಕ್ಕೆ ಇರುವುದು ಒಂದೇ ಕೀ ಆಗಿದ್ದರೆ ಮೊದಲು ಲೇತ್ ಕೆಲಸ ಗೊತ್ತಿರುವವರ ಹತ್ತಿರ ಇನ್ನೊಂದನ್ನು ಮಾಡಿಸಿಕೊಳ್ಳಿ. ಕೀ ಕಳೆದ ಮೇಲೆ ಮಾಡಿಸಬೇಕಾದರೆ ಬೀಗವನ್ನೇ ಬಿಚ್ಚಬೇಕಾಗುತ್ತದೆ, ರಿವೆಟ್ ಹೊಡೆದು ಮುಚ್ಚಿದ ಹಳೆಯ ಬೀಗವನ್ನು ಬಿಚ್ಚಿ ಮತ್ತೆ ಮೊದಲಿನಂತೆ ಕೂರಿಸುವವರು ಸಿಗುವುದು ಕಷ್ಟ.